ಚಪ್ಪಲಿ ಕಚ್ಚಿದ ಮರಿಗೆ ಬಸ್ ಸ್ಟ್ಯಾಂಡೇ ಗತಿಯೇ?

ಹೋದ ವಾರ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಗೊಬ್ಬರದ ಚೀಲ ಇಳಿಸಿದರು. ಚೀಲ ಅಲುಗಾಡುತ್ತಿತ್ತು. ಬಾಯಿ ಬಿಚ್ಚಿ ಒಂದು ಕಂದು ಬಣ್ಣದ ನಾಯಿಮರಿಯನ್ನು ನೆಲಕ್ಕೆ ಸುರಿದರು. "ಯಾಕ್ರಪ್ಪಾ ಇಲ್ಲಿ ಬಿಡ್ತೀರಾ?" ಎಂದು ಕೇಳಿದೆ.

"ಸಾಕಾಗೋಯ್ತು ಸಾರ್. ಮನೇಲಿ ಒಂದು ಜೊತೆ ಚಪ್ಪಲಿ ಉಳಿಸಿಲ್ಲ. ಮೊನ್ನೆ ಮೊಬೈಲ್ ಚಾರ್ಜರ್ ವೈರೂ ಕಡ್ದಾಕ್ಬುಡ್ತು" ಎಂದು ಒಬ್ಬ ಹೇಳಿದ. ಬೈಕು ಹೊರಟಿತು. ಮರಿ ಸ್ವಲ್ಪ ದೂರ ಹಿಂದೆ ಓಡಿ, ನಿಂತು, ಬಂದ ದಾರಿಯನ್ನೇ ನೋಡುತ್ತಾ ಕುಳಿತುಕೊಂಡಿತು.

ಇದು ನಾಗಮಂಗಲ ಒಂದರ ಕತೆಯಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ಊರಿನ ಬಸ್ ಸ್ಟ್ಯಾಂಡು ಸುತ್ತುವುದು ನನ್ನ ಹೊಟ್ಟೆಪಾಡು. ನಾಲ್ಕೂ ಕಡೆ ಇಂಥ ಮರಿಗಳನ್ನು ಕಂಡಿದ್ದೇನೆ. ಬೀದಿಯಲ್ಲೇ ಹುಟ್ಟಿದವಲ್ಲ, ಮನೆಯ ಮುದ್ದೆ ತಿಂದು ಬೆಳೆದವು. ಕೆಲವಕ್ಕೆ ಕುತ್ತಿಗೆಯಲ್ಲಿ ಇನ್ನೂ ಹಗ್ಗದ ತುಂಡು ಇರುತ್ತದೆ. ಕೆ.ಆರ್. ಪೇಟೆಯ ಟೀ ಅಂಗಡಿಯವರೊಬ್ಬರು ಒಂದೇ ಮಾತಿನಲ್ಲಿ ಹೇಳಿದರು: "ಕಣ್ಣು ಬಿಟ್ಟಾಗ ಮುದ್ದು ಅಂತ ಎತ್ಕಂಡು ಹೋಯ್ತಾರೆ, ಹಲ್ಲು ಬಂದಾಗ ತಂದು ಬುಟ್ಟು ಹೋಯ್ತಾರೆ."

ನಿಜ ಸಂಗತಿ ಇರುವುದೂ ಆ ಹಲ್ಲಿನಲ್ಲೇ. ನಾಯಿಮರಿಗೆ ಹಾಲುಹಲ್ಲು 28. ಸುಮಾರು ನಾಲ್ಕನೇ ತಿಂಗಳ ಹೊತ್ತಿಗೆ ಅವು ಉದುರಲು ಶುರುವಾಗುತ್ತವೆ. ಆರು-ಏಳು ತಿಂಗಳೊಳಗೆ 42 ಗಟ್ಟಿ ಹಲ್ಲು ಬರುತ್ತವೆ. ಆ ನಡುವಿನ ದಿನಗಳಲ್ಲಿ ಒಸಡು ನೋಯುತ್ತದೆ, ನವೆಯಾಗುತ್ತದೆ. ನಮ್ಮ ಮಕ್ಕಳಿಗೆ ಹಲ್ಲು ಬರುವಾಗ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವುದಿಲ್ಲವೇ? ಹಾಗೇ. ಮರಿಗೆ ಕೈ ಇಲ್ಲ, ಬಾಯಿಯೇ ಕೈ. ಅಂದರೆ ಮರಿ ಕಚ್ಚುವುದು ಕೆಟ್ಟ ಬುದ್ಧಿಯಿಂದಲ್ಲ. ಹೆಚ್ಚೆಂದರೆ ಮೂರು-ನಾಲ್ಕು ತಿಂಗಳ ಆ ಕಷ್ಟದ ಕಾಲಕ್ಕೇ ನಾವು ಅದನ್ನು ಚೀಲಕ್ಕೆ ತುಂಬುತ್ತೇವೆ.

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನನ್ನ ಮನೆಯ ಮಾತು ಹೇಳಿಬಿಡುತ್ತೇನೆ. ನಾನು ಪಿಯುಸಿ ಓದುತ್ತಿದ್ದಾಗ, ಅಂದರೆ ಓದುತ್ತಿದ್ದೇನೆ ಎಂದು ಮನೆಯವರು ನಂಬಿದ್ದಾಗ, ನಮ್ಮಲ್ಲೊಂದು ಮರಿ ಇತ್ತು. ಕೆಂಚ ಅಂತ ಹೆಸರು. ನನ್ನ ಅಕೌಂಟೆನ್ಸಿ ಪುಸ್ತಕದ ಅರ್ಧ ಭಾಗ ತಿಂದಿತು. ನಾನು ಪಿಯುಸಿ ಬಿಟ್ಟದ್ದಕ್ಕೆ ಕೆಂಚ ಕಾರಣ ಅಲ್ಲ. ಆದರೂ ಬೈಗುಳದಲ್ಲಿ ಅರ್ಧ ಪಾಲು ಅದಕ್ಕೂ ಹೋಯಿತು. ನಮ್ಮ ಮಾವ ಒಂದು ದಿನ ಚೀಲದಲ್ಲಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟರು. ಚೀಲದ ಬಾಯಿ ಹಿಡಿದುಕೊಂಡವನು ನಾನೇ. ಹದಿನೈದು ದಿನ ಬಿಟ್ಟು ಅಲ್ಲಿಗೆ ಹೋಗಿ ಹುಡುಕಿದೆ. ಪಕ್ಕದ ಹೋಟೆಲಿನವರು "ಆ ಮರೀನಾ? ಬಸ್ಸಿಗೆ ಸಿಕ್ತಲ್ಲಪ್ಪಾ" ಅಂದರು. ಆ ಪುಸ್ತಕದ ಬೆಲೆ ಎಷ್ಟಿತ್ತೆಂದು ಈಗ ನೆನಪಿಲ್ಲ. ಹೋಟೆಲಿನವರ ಮಾತು ನೆನಪಿದೆ.

ನಮ್ಮ ಜಿಲ್ಲೆ ಯಾವ ಜಿಲ್ಲೆ ಎಂದು ಓದುಗರಿಗೆ ನೆನಪು ಮಾಡಬೇಕು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ವೀರಗಲ್ಲು ಸಿಕ್ಕಿತು. ಕಾಲ ಕ್ರಿ.ಶ. 949-50. ಗಂಗರ ಬೂತುಗ ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ಗೆದ್ದ ಮೇಲೆ, ತನ್ನ ಬಂಟ ಮಣಲೇರನಿಗೆ ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಕಲ್ಲು ಬೆಂಗಳೂರಿನ ಮ್ಯೂಸಿಯಂ ಸೇರಿತು. ಸಾವಿರ ವರ್ಷದ ಹಿಂದೆ ನಾಯಿಗೆ ಕಲ್ಲು ನಿಲ್ಲಿಸಿದ ಜಿಲ್ಲೆಯವರು ನಾವು ಇವತ್ತು ಒಂದು ಜೊತೆ ಹವಾಯಿ ಚಪ್ಪಲಿಗಾಗಿ ಮರಿಯನ್ನು ಬೀದಿಗೆ ಎಸೆಯುತ್ತಿದ್ದೇವೆ.

"ಸರಿ ಕಣಯ್ಯಾ, ಕಚ್ಚೋದು ನಿಲ್ಲಿಸೋದು ಹೆಂಗೆ?" ಎಂದು ಕೇಳುತ್ತೀರಿ. ನಿಲ್ಲಿಸಲು ಆಗುವುದಿಲ್ಲ. ಕಚ್ಚುವುದಕ್ಕೆ ಅದರದೇ ಒಂದು ವಸ್ತು ಕೊಡಬೇಕು. ತೊಡಕು ಇರುವುದು ಅಲ್ಲೇ. ಈಗ ನಮ್ಮ ಮನೆಯಲ್ಲಿರುವ ನಾಯಿಗೆ ಮೈಸೂರಿನಿಂದ 250 ರೂಪಾಯಿ ಕೊಟ್ಟು ಒಂದು ಕೀಚು ಕೀಚು ಎನ್ನುವ ಬೊಂಬೆ ತಂದೆ. ಇಪ್ಪತ್ತು ನಿಮಿಷ ಬಾಳಿತು. ಒಳಗಿನ ಪೀಪಿ ನಾಯಿಯ ಗಂಟಲಿಗೆ ಇಳಿಯುವುದರೊಳಗೆ ಬಾಯಿಗೆ ಕೈ ಹಾಕಿ ಎಳೆದದ್ದಾಯಿತು. ಅಲ್ಲಿಂದ ಈಚೆಗೆ ಪಶುವೈದ್ಯರನ್ನು ಕೇಳಿ, ಸ್ವಂತ ದುಡ್ಡು ಕಳೆದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೊಡಬಾರದ್ದು. ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ, ನೈಲಾನ್ ಹಗ್ಗ ಬೇಡವೇ ಬೇಡ. ನುಂಗಿದ ದಾರ ಕರುಳಿಗೆ ಸಿಕ್ಕಿಕೊಂಡು ಕರುಳನ್ನೇ ಸುರುಟಿ ಕುಯ್ದುಬಿಡುತ್ತದೆ. ಹಳೇ ಟೈರಿನ ಚೂರು ಬೇಡ, ಒಳಗೆ ತಂತಿ ಇರುತ್ತದೆ. ಹೋಟೆಲಿನ ಬೆಂದ ಮೂಳೆ ಬೇಡ, ಸಿಗುರು ಸಿಗುರಾಗಿ ಸೀಳಿ ಚುಚ್ಚುತ್ತದೆ. ತೆಂಗಿನ ಚಿಪ್ಪು ಬೇಡ, ಒಡೆದರೆ ಅದೂ ಚಾಕು. ಕಡ್ಡಿ ಬೇಕೆಂದು ಬೇಲಿಯ ಕಣಗಿಲೆ ಮುರಿದು ಕೊಡಬೇಡಿ, ಅದು ವಿಷ. ಹರಳು ಹಿಂಡಿಯ ಚೀಲ ನಾಯಿಗೆ ಸಿಗುವ ಹಾಗೆ ಇಡಬೇಡಿ. ವಾಸನೆಗೆ ಹೋಗಿ ತಿನ್ನುತ್ತದೆ, ಪ್ರಾಣ ಹೋಗುತ್ತದೆ. ಕರೆಂಟು ವೈರನ್ನು ಮೇಲಕ್ಕೆ ಕಟ್ಟಿ.

ಚನ್ನಪಟ್ಟಣದ ಗೊಂಬೆ ಕೊಡಬಹುದಾ ಎಂದು ಶ್ರೀರಂಗಪಟ್ಟಣದ ಒಬ್ಬ ಅಂಗಡಿಯವರು ಕೇಳಿದರು. ಮಕ್ಕಳಿಗೆ ಅದರಷ್ಟು ಒಳ್ಳೆಯ ಆಟಿಕೆ ಇನ್ನೊಂದಿಲ್ಲ. ಆದರೆ ಹಾಲೆ ಮರ ಮೆದು. ನಾಯಿಯ ದವಡೆಗೆ ಸಿಕ್ಕರೆ ಸೀಳಿಹೋಗುತ್ತದೆ, ಚೂರು ಹೊಟ್ಟೆಗೆ ಹೋಗುತ್ತದೆ.

ಹಾಗಾದರೆ ಎಷ್ಟು ಗಟ್ಟಿ ಇರಬೇಕು? ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಹೆಬ್ಬೆರಳ ಉಗುರಿನಿಂದ ಒತ್ತಿ. ಸ್ವಲ್ಪವಾದರೂ ತಗ್ಗಬೇಕು. ಕಲ್ಲಿನ ಹಾಗೆ ಇದ್ದರೆ ನಾಯಿಯ ಹಲ್ಲೇ ಮುರಿಯುತ್ತದೆ. ಗಾತ್ರ ಎಷ್ಟಿರಬೇಕೆಂದರೆ, ಪೂರ್ತಿ ಬಾಯೊಳಗೆ ಹೋಗಬಾರದು. ಮರಿ ಬೆಳೆದ ಹಾಗೆ ವಸ್ತುವೂ ದೊಡ್ಡದಾಗಬೇಕು.

ಈ ಗಟ್ಟಿ ರಬ್ಬರಿನ ಆಟಿಕೆ ಹುಟ್ಟಿದ ಕತೆ ಕೇಳಿ. ಅಮೆರಿಕದ ಕೊಲೊರಾಡೊದಲ್ಲಿ 1970ರ ದಶಕದಲ್ಲಿ ಜೋ ಮಾರ್ಕಮ್ ಎಂಬಾತನ ಜರ್ಮನ್ ಶೆಫರ್ಡ್ ನಾಯಿ ಫ್ರಿಟ್ಜ್ ಕಲ್ಲು ಕಚ್ಚಿ ಕಚ್ಚಿ ಹಲ್ಲು ಹಾಳು ಮಾಡಿಕೊಳ್ಳುತ್ತಿತ್ತು. ಆತ ಫೋಕ್ಸ್‌ವ್ಯಾಗನ್ ವ್ಯಾನಿನ ರಿಪೇರಿ ಮಾಡುತ್ತಿದ್ದಾಗ ಬಿಚ್ಚಿಟ್ಟ ಒಂದು ರಬ್ಬರ್ ತುಂಡನ್ನು ನಾಯಿ ಹಿಡಿದುಕೊಂಡಿತು. ಬಿಡಲೇ ಇಲ್ಲ. ಅದೇ ಆಕಾರದಲ್ಲಿ ಟೊಳ್ಳು ರಬ್ಬರಿನ ಆಟಿಕೆ ಮಾಡಿಸಿ ಕಾಂಗ್ ಎಂಬ ಹೆಸರಿನಲ್ಲಿ ಮಾರಿದ. ಈಗ ಅದು ಲೋಕದ ಎಲ್ಲ ಕಡೆ ಸಿಗುತ್ತದೆ. ಹಾಗಂತ ನಮ್ಮ ಗ್ಯಾರೇಜಿನಲ್ಲಿ ಬಿದ್ದ ಗ್ರೀಸು ಮೆತ್ತಿದ ರಬ್ಬರನ್ನು ತಂದು ಕೊಡಬೇಡಿ. ನಾಯಿಗೆಂದೇ ಮಾಡಿದ ಟೊಳ್ಳು ರಬ್ಬರ್ ಒಂದು ತಂದರೆ, ಒಳಗೆ ಒಂದು ತುತ್ತು ರಾಗಿಮುದ್ದೆ ಮೆತ್ತಿ ಕೊಡಿ. ನೆಕ್ಕುತ್ತಾ ಕಚ್ಚುತ್ತಾ ಬಹಳ ಹೊತ್ತು ತನ್ನ ಪಾಡಿಗೆ ಇರುತ್ತದೆ. ಬೆಲೆ ಜಾಸ್ತಿ ಎನಿಸಿದರೂ ಮನೆಮಂದಿಯ ಚಪ್ಪಲಿಯ ಲೆಕ್ಕ ಹಾಕಿ ನೋಡಿ.

ಅಷ್ಟು ದುಡ್ಡಿಲ್ಲ ಎನ್ನುವವರಿಗೆ ಹಳೆಯ ದಾರಿ ಇದೆ. ದಪ್ಪ ನೂಲಿನ ಹಗ್ಗ ಒಂದು ಮೊಳ ತೆಗೆದುಕೊಂಡು ಮೂರು ಬಿಗಿ ಗಂಟು ಹಾಕಿ ಕೊಡಿ. ಎಳೆ ಬಿಚ್ಚಲು ಶುರುವಾದ ತಕ್ಷಣ ಕಿತ್ತುಕೊಂಡು ಬಿಸಾಕಿ. ಒಸಡು ನೋಯುವ ಮರಿಗೆ ಗಟ್ಟಿ ಬಟ್ಟೆ ಒದ್ದೆ ಮಾಡಿ, ತಿರುಚಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ಕೊಟ್ಟರೆ ಹಾಯೆನಿಸುತ್ತದೆ. ಕೆ.ಆರ್. ಪೇಟೆ ಕಡೆ ತೋಟದ ಮನೆಗಳಲ್ಲಿ ತೆಂಗಿನ ಮಟ್ಟೆ ಕೊಡುತ್ತಾರೆ. ಕೊಡಿ, ಆದರೆ ಎದುರಿಗೆ ಕೂತುಕೊಂಡಿರಿ. ನಾರು ನುಂಗಲು ಬಿಡಬೇಡಿ. ಎಲ್ಲವನ್ನೂ ಒಂದೇ ಸಲ ಸುರಿಯಬೇಡಿ. ಇವತ್ತು ಒಂದು, ನಾಳೆ ಇನ್ನೊಂದು. ದಿನಾ ಕಂಡ ವಸ್ತು ನಾಯಿಗೂ ಬೇಸರ.

ಬಹಳ ಜನ ಮಾಡುವ ಒಂದು ತಪ್ಪು ಇದೆ. "ಹಳೇ ಚಪ್ಪಲಿ ತಾನೇ, ಕಚ್ಚಲಿ ಬುಡು" ಎಂದು ಎಸೆಯುತ್ತಾರೆ. ಹಳೇ ಚಪ್ಪಲಿ ಯಾವುದು, ಮೊನ್ನೆ ತಂದ ಬಾಟಾ ಯಾವುದು ಎಂದು ಮರಿಗೆ ಹೇಗೆ ಗೊತ್ತಾಗಬೇಕು? ಪಾಠ ಹೇಳಿಕೊಟ್ಟವರು ನಾವು, ಪೆಟ್ಟು ತಿನ್ನುವುದು ಅದು. ಚಪ್ಪಲಿ ಎತ್ತರಕ್ಕಿಡಿ. ಕಚ್ಚಿದಾಗ ಹೊಡೆಯುವ ಬದಲು ಬಾಯಿಂದ ಬಿಡಿಸಿ ಅದರ ಹಗ್ಗ ಕೊಡಿ. ಬೆಳೆದ ಮೇಲೂ ಕಡಿಯುತ್ತದೆ ಎಂದರೆ, ಹಗಲೆಲ್ಲ ಕಟ್ಟಿಹಾಕಿದ ನಾಯಿಗೆ ಬೇರೆ ಕೆಲಸ ಇಲ್ಲ ಎಂದೇ ಅರ್ಥ. ಬೆಳಿಗ್ಗೆ ಸಂಜೆ ಒಂದು ಸುತ್ತು ಓಡಾಡಿಸಿ.

ಇನ್ನು ಕಾನೂನಿನ ಮಾತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ, ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಹೋಗುವುದು ಅಪರಾಧ. ಮೊದಲ ತಪ್ಪಿಗೆ ಹೆಚ್ಚೆಂದರೆ 50 ರೂಪಾಯಿ ದಂಡ ಎಂದು ಬರೆದಿದ್ದಾರೆ. ಚಪ್ಪಲಿಗಿಂತ ಕಡಿಮೆ! 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬಸ್ ಸ್ಟ್ಯಾಂಡು, ಆಸ್ಪತ್ರೆ, ಶಾಲೆಗಳಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯ ಕೇಂದ್ರಗಳಿಗೆ ಸಾಗಿಸಿ ಎಂದು ಆದೇಶ ಮಾಡಿತು. ಒಂದು ಕಡೆ ಎತ್ತಿಕೊಂಡು ಹೋಗಬೇಕು, ಇನ್ನೊಂದು ಕಡೆ ಗೊಬ್ಬರದ ಚೀಲದಲ್ಲಿ ತಂದು ಸುರಿಯುತ್ತಿದ್ದರೆ ಈ ಲೆಕ್ಕ ಎಂದಿಗೆ ಚುಕ್ತಾ ಆದೀತು? ನಾಯಿ ಕಾಟ ಎಂದು ಗೊಣಗುವವರಲ್ಲಿ ಬಿಟ್ಟುಹೋದವರೂ ಇದ್ದಾರೆ ಎಂಬುದನ್ನು ಮರೆಯಬಾರದು.

ಅಂಗಡಿಯವರಲ್ಲಿ ಒಂದು ಮನವಿ. ಹಗ್ಗ, ಮೂಗುದಾರ, ಕಣ್ಣಿ ಮಾರುವವರು ನೈಲಾನ್ ಉರುಳೆಗಳ ಪಕ್ಕದಲ್ಲಿ ಒಂದು ಸುರುಳಿ ದಪ್ಪ ನೂಲಿನ ಹಗ್ಗವನ್ನೂ ಇಡಿ. ಮೊಳದ ಲೆಕ್ಕದಲ್ಲಿ ಮಾರಿ, ಗಂಟು ಹಾಕುವುದನ್ನು ತೋರಿಸಿಕೊಡಿ. ನಿಮಗೂ ನಷ್ಟವಿಲ್ಲ. ಪಶು ಆಸ್ಪತ್ರೆಗಳಲ್ಲಿ ರೇಬೀಸ್ ಚುಚ್ಚುಮದ್ದಿಗೆ ಮರಿ ತಂದಾಗ, ನಾಲ್ಕನೇ ತಿಂಗಳಿಂದ ಇದು ಕಚ್ಚುತ್ತದೆ, ಏಳನೇ ತಿಂಗಳ ಹೊತ್ತಿಗೆ ತಗ್ಗುತ್ತದೆ, ಅಲ್ಲಿಯವರೆಗೆ ತಾಳಿಕೊಳ್ಳಿ ಎಂದು ಒಂದು ಮಾತು ಹೇಳಿ ಕಳಿಸಿದರೆ ಸಾಕು. ಗೋಡೆಗೊಂದು ಬೋರ್ಡು ಬರೆಸಿದರೆ ಇನ್ನೂ ಮೇಲು. ಸಂಬಂಧಪಟ್ಟವರು ಗಮನಿಸುವರೇ?

ಬಸ್ಸಿಗೆ ಕಾಯುವವರಿಗೂ ಒಂದು ಮಾತು. ಅಲುಗಾಡುವ ಚೀಲ ಹಿಡಿದು ಯಾರಾದರೂ ಬಂದರೆ ಮುಖ ತಿರುಗಿಸಬೇಡಿ. "ಎಷ್ಟು ತಿಂಗಳಾಯ್ತು ಮರಿಗೆ?" ಎಂದು ಕೇಳಿ. ನಾಲ್ಕೋ ಐದೋ ಎನ್ನುತ್ತಾರೆ. "ಇನ್ನೆರಡು ತಿಂಗಳು ತಡ್ಕಳಿ ಸ್ವಾಮಿ, ಹಲ್ಲು ಬರ್ತಾ ಐತೆ" ಅಂತ ಹೇಳಿ. ಅವತ್ತು ನಮ್ಮ ಮಾವನಿಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ನನಗೆ ಗೊತ್ತಿರಲಿಲ್ಲ.