ಪರದೇಶದ ಮನೆ, ಬಾಡಿಗೆಯ ಆಸೆ

ಕಳೆದ ಶ್ರಾವಣದಲ್ಲಿ ದಾವಣಗೆರೆಯಿಂದ ನನ್ನ ಹಳೆಯ ಶಿಷ್ಯರೊಬ್ಬರು ಪತ್ನೀಸಮೇತರಾಗಿ ನಮ್ಮ ಮನೆಗೆ ಬಂದಿದ್ದರು. ಬ್ಯಾಂಕಿನ ಸೇವೆಯಿಂದ ನಿವೃತ್ತರಾದವರು; ಲೆಕ್ಕದಲ್ಲಿ ಬಹಳ ಬಿಗಿ. ಪ್ರಸಾದವಾದ ಮೇಲೆ ಚೀಲದಿಂದ ಒಂದು ಕಡತವನ್ನು ತೆಗೆದು, "ಗುರುಗಳೇ, ಇಂಗ್ಲೆಂಡಿನಲ್ಲಿ ಮನೆ ಕೊಂಡು ಕೈ ಸುಟ್ಟುಕೊಂಡೆವು. ನಿಮ್ಮ ಅಂಕಣದಲ್ಲಿ ಬರೆಯಿರಿ, ನಮ್ಮ ಹೆಸರೊಂದು ಬೇಡ" ಎಂದರು. ವ್ಯಾಕರಣ, ದರ್ಶನಗಳನ್ನು ಓದಿದ ಈತನಿಗೆ ಮನೆ ವ್ಯಾಪಾರದ ಗೊಡವೆ ಏಕೆಂದು ಓದುಗರು ಕೇಳಬಹುದು. ಮಠದಲ್ಲಿದ್ದಾಗ ಜೀರ್ಣೋದ್ಧಾರದ ಲೆಕ್ಕ ಬರೆಯುವ ಹೊಣೆ ಆರು ವರ್ಷ ನನ್ನ ಮೇಲಿತ್ತು. ದುರಸ್ತಿಯ ಅಂದಾಜು ಹೇಗೆ ಬಸುರಿಯಂತೆ ಬೆಳೆಯುತ್ತದೆಂಬುದನ್ನು ಅಲ್ಲಿಯೇ ಕಂಡವನು ನಾನು.

ನಡೆದದ್ದು ಇಷ್ಟು. 2022ರಲ್ಲಿ ಬೆಂಗಳೂರಿನ ಹೋಟೆಲೊಂದರಲ್ಲಿ ಏರ್ಪಟ್ಟ ಪ್ರದರ್ಶನದಲ್ಲಿ ಒಬ್ಬ ಏಜೆಂಟರು ಉತ್ತರ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ಹಳೆಯ ಸಾಲುಮನೆಯೊಂದನ್ನು ಇವರಿಗೆ ತೋರಿಸಿದರು. ತೋರಿಸಿದ್ದು ಚಿತ್ರದಲ್ಲಿ. ಬೆಲೆ 78,000 ಪೌಂಡು, ದುರಸ್ತಿಗೆ 11,000. ಅನಂತರ ಎರಡು ವರ್ಷ ಬಾಡಿಗೆಯ ಖಾತರಿ. ಮನೆ ಮಾರಿಸುವವರು, ದುರಸ್ತಿ ಮಾಡಿಸುವವರು, ಬಾಡಿಗೆದಾರನನ್ನು ತರುವವರು ಎಲ್ಲರೂ ಅವರೇ. ತಂದೆಯ ಕಾಲದ ನಿವೇಶನವನ್ನು ಮಾರಿದ ಹಣ ಕೈಯಲ್ಲಿತ್ತು. ಮಗಳು ದಕ್ಷಿಣದ ರೆಡಿಂಗ್ ಊರಿನಲ್ಲಿ ನೌಕರಿಯಲ್ಲಿದ್ದಳು. "ನಾನು ಹೋಗಿ ನೋಡಿ ಬರುತ್ತೇನಪ್ಪಾ" ಎಂದವಳಿಗೆ, "ನಿನಗೇಕೆ ತೊಂದರೆ, ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ" ಎಂದು ತಂದೆಯೇ ತಡೆದರಂತೆ. ಇದನ್ನು ಹೇಳುವಾಗ ಅವರ ಪತ್ನಿ ಕಿಟಕಿಯ ಕಡೆ ಮುಖ ತಿರುಗಿಸಿದರು.

ದುರಸ್ತಿ ಮುಗಿಯುವ ಹೊತ್ತಿಗೆ 26,000 ಪೌಂಡು ಕರಗಿತ್ತು. ಮನೆ ಎಂಟು ತಿಂಗಳು ಖಾಲಿ ಉಳಿಯಿತು. ಖಾತರಿಯ ಬಾಡಿಗೆ ದುರಸ್ತಿ ಮುಗಿದ ದಿನದಿಂದ ಮಾತ್ರ ಎಂಬ ಸಾಲು ಕರಾರಿನ ಒಳಪುಟದಲ್ಲಿತ್ತು. ಖಾಲಿ ಮನೆಯ ಕೌನ್ಸಿಲ್ ತೆರಿಗೆಯನ್ನು ಒಡೆಯನೇ ತೆರಬೇಕು, ಅದನ್ನೂ ತೆತ್ತರು.

ಇಂಗ್ಲೆಂಡಿನಲ್ಲಿ ಮನೆ ಮಾರಿಸುವ ಏಜೆಂಟನಿಗೆ ಸಂಬಳ ಕೊಡುವವನು ಮಾರುವವನು. ಆದುದರಿಂದ ಆತನ ನಿಷ್ಠೆ ಆ ಕಡೆಗಿರುವುದು ಸಹಜ, ಅದರಲ್ಲಿ ಮೋಸವೇನೂ ಇಲ್ಲ. ಮೋಸಕ್ಕೆ ದಾರಿಯಾಗುವುದು ಅವನ ಬಾಯಿಂದಲೇ ದುರಸ್ತಿಯ ಅಂದಾಜನ್ನೂ ಕೇಳಿದಾಗ. ಅಂದಾಜು ಕಡಿಮೆಯಾದಷ್ಟೂ ಮನೆ ಬೇಗ ಮಾರಾಟವಾಗುತ್ತದೆ. ಕೊಳ್ಳುವವರ ಪರವಾಗಿ ನೋಡುವ ಕಣ್ಣು ಬೇರೆಯೇ ಇರಬೇಕು. ಅಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಆಫ್ ಚಾರ್ಟರ್ಡ್ ಸರ್ವೇಯರ್ಸ್ ಎಂಬ ಸಂಸ್ಥೆಯ ಸದಸ್ಯರು ಮನೆಯನ್ನು ಪರೀಕ್ಷಿಸಿ ವರದಿ ಕೊಡುತ್ತಾರೆ. ಹಳೆಯ ಮನೆಗೆ ಮೂರನೆಯ ದರ್ಜೆಯ ಸವಿಸ್ತಾರ ಪರೀಕ್ಷೆಯೇ ಆಗಬೇಕು. ನಮ್ಮ ಶಿಷ್ಯರು ಆ ಶುಲ್ಕವನ್ನು ಉಳಿಸಿದರು!

ಏಜೆಂಟರನ್ನು ಒರೆಗೆ ಹಚ್ಚುವುದು ಇಲ್ಲಿ ಕುಳಿತೂ ಸಾಧ್ಯ. ಕಂಪನಿಯ ಹುಟ್ಟು, ನಿರ್ದೇಶಕರು, ಜಮಾಖರ್ಚು ಎಲ್ಲವೂ ಕಂಪನೀಸ್ ಹೌಸ್ ದಾಖಲೆಯಲ್ಲಿ ಉಚಿತವಾಗಿ ಸಿಗುತ್ತವೆ. ದೂರು ಪರಿಹಾರದ ಅಧಿಕೃತ ವ್ಯವಸ್ಥೆಯೊಂದಕ್ಕೆ ಏಜೆಂಟನು ಸೇರಿರಬೇಕೆಂಬುದು ಕಾನೂನು. ಬಾಡಿಗೆ ಹಣವನ್ನು ಇಟ್ಟುಕೊಳ್ಳುವವನಾದರೆ ಆ ಹಣದ ರಕ್ಷಣಾ ಯೋಜನೆಯ ಸದಸ್ಯತ್ವವೂ 2019ರಿಂದ ಕಡ್ಡಾಯ. ಅವನ ಕಾಗದದ ಮೇಲಿನ ಮುದ್ರೆಯನ್ನು ನಂಬದೆ ಆ ಸಂಸ್ಥೆಗಳ ಪಟ್ಟಿಯಲ್ಲೇ ಹೆಸರು ಹುಡುಕಬೇಕು. ಅದೇ ಬೀದಿಯ ಮನೆಗಳು ಎಷ್ಟಕ್ಕೆ ಮಾರಿಹೋದವೆಂಬುದನ್ನು ಅಲ್ಲಿನ ಭೂನೋಂದಣಿ ಇಲಾಖೆ ಪ್ರಕಟಿಸುತ್ತದೆ. ಶಿಷ್ಯರು ತಡವಾಗಿ ನೋಡಿದರು. ಎರಡು ಮನೆಯಾಚೆಯದು ಅದೇ ವರ್ಷ 61,000 ಪೌಂಡಿಗೆ ಹೋಗಿತ್ತು. ಖಾತರಿಯ ಬಾಡಿಗೆ ಎಲ್ಲಿಂದ ಬರುತ್ತಿತ್ತೆಂಬುದು ಆಗ ತಿಳಿಯಿತು. ಇವರ ಹಣವೇ ಇವರಿಗೆ ತಿಂಗಳು ತಿಂಗಳು ಮರಳಿ ಬರುತ್ತಿತ್ತು.

ಇನ್ನು ಗೋಡೆಯ ಕಥೆ. ನೂರು ವರ್ಷ ದಾಟಿದ ಆ ಸಾಲುಮನೆಗಳ ಗೋಡೆಗಳಲ್ಲಿ ನಡುವೆ ಪೊಳ್ಳು ಇರುವುದಿಲ್ಲ. ಸುಣ್ಣದ ಗಾರೆಯಿಂದ ಕಟ್ಟಿದವು, ತೇವವನ್ನು ಹೀರಿ ಹೊರಗೆ ಬಿಡುತ್ತವೆ. ಅವಕ್ಕೆ ಸಿಮೆಂಟು ಮೆತ್ತಿದರೆ ನೀರು ಒಳಗೇ ಸಿಕ್ಕಿಬೀಳುತ್ತದೆ. ನಮ್ಮ ಮಠದ ಹಳೆಯ ದಾಸೋಹ ಮಂಟಪಕ್ಕೆ ಭಕ್ತರೊಬ್ಬರು ಅಭಿಮಾನದಿಂದ ಸಿಮೆಂಟು ಬಳಿಸಿದ್ದರು. ಎರಡೇ ಮಳೆಗಾಲಕ್ಕೆ ಅದು ಹಪ್ಪಳದಂತೆ ಎದ್ದಿತು. ಬ್ರಾಡ್‌ಫರ್ಡಿನಲ್ಲಿ ಗೋಡೆ ಶೀತ ಹಿಡಿದಿದೆಯೆಂದು ಏಜೆಂಟರು ಒಂದು ಕಂಪನಿಯನ್ನು ಕಳುಹಿಸಿದರು. ಪರೀಕ್ಷೆ ಪುಕ್ಕಟೆ, ಔಷಧ ಮಾತ್ರ ಅವರದೇ. ಗೋಡೆಗೆ ರಾಸಾಯನಿಕ ಚುಚ್ಚಿ, ಗಾರೆ ಕಿತ್ತು ಹೊಸದಾಗಿ ಬಳಿದು 4,200 ಪೌಂಡು ಪಡೆದರು. ಮರುವರ್ಷ ತೇವ ಪುನಃ ಕಾಣಿಸಿತು. ಕೊನೆಗೆ ಮಗಳೇ ಹೋಗಿ ಸ್ವತಂತ್ರ ಸರ್ವೇಯರೊಬ್ಬರನ್ನು ಕರೆತಂದಳು. ಸೂರಿನಿಂದ ಮಳೆನೀರು ಹರಿಯುವ ದೋಣಿ ಒಡೆದು ಗೋಡೆಯ ಮೇಲೆ ಸುರಿಯುತ್ತಿತ್ತು. ಅದನ್ನು ಸರಿಪಡಿಸಲು ತಗುಲಿದ್ದು 350 ಪೌಂಡು.

ದುರಸ್ತಿಯ ಅಂದಾಜನ್ನು ಒಟ್ಟು ಮೊತ್ತವಾಗಿ ಒಪ್ಪಬಾರದು. ಛಾವಣಿ, ವಿದ್ಯುತ್ತು, ನೀರು ಕಾಯಿಸುವ ಬಾಯ್ಲರು, ಕಿಟಕಿ, ಅಡಿಗೆಮನೆ ಎಂದು ಬಿಡಿಬಿಡಿಯಾಗಿ ಬರೆಸಿ, ಏಜೆಂಟರಿಗೆ ಸಂಬಂಧವಿಲ್ಲದ ಇನ್ನೊಬ್ಬರಿಂದಲೂ ಅದೇ ಪಟ್ಟಿಗೆ ದರ ಕೇಳಬೇಕು. ಶೇಕಡಾ 20ರ ವ್ಯಾಟ್ ಸೇರಿದೆಯೇ ಎಂಬುದನ್ನು ಮೊದಲೇ ಕೇಳಿರಿ. ನಮ್ಮವರ 11,000ದಲ್ಲಿ ಅದಿರಲಿಲ್ಲ. ಎರಡು ವರ್ಷ ಖಾಲಿ ಬಿದ್ದಿದ್ದ ಮನೆಯಾದರೆ ಹೆಚ್ಚಿನ ಕೆಲಸಗಳಿಗೆ ಶೇಕಡಾ 5 ಮಾತ್ರ, ಅದನ್ನೂ ಯಾರೂ ಹೇಳುವುದಿಲ್ಲ. ಬಾಡಿಗೆಗೆ ಕೊಡಲು ಅನಿಲ ಸುರಕ್ಷತೆಯ ಪತ್ರ ವರ್ಷಕ್ಕೊಮ್ಮೆ, ವಿದ್ಯುತ್ ತಪಾಸಣೆ ಐದು ವರ್ಷಕ್ಕೊಮ್ಮೆ ಆಗಲೇಬೇಕು. ಇಂಧನ ಮಿತವ್ಯಯದ ದರ್ಜೆ 'ಇ'ಗಿಂತ ಕೆಳಗಿರಬಾರದು. ಹಣವನ್ನು ಕೆಲಸ ಮುಗಿದಷ್ಟಕ್ಕೆ ಮಾತ್ರ, ಚಿತ್ರ ನೋಡಿಯಲ್ಲ, ತಮ್ಮವರೊಬ್ಬರು ಕಣ್ಣಾರೆ ನೋಡಿದ ಮೇಲೆ ಕೊಡತಕ್ಕದ್ದು.

ತೆರಿಗೆಯನ್ನೂ ಬೆಲೆಯೊಡನೆಯೇ ಕೂಡಿಸಿಕೊಳ್ಳಬೇಕು. ಇಲ್ಲಿ ಸ್ವಂತ ಮನೆಯಿದ್ದು, ಇಲ್ಲಿಯೇ ವಾಸಿಸುವವರು ಇಂಗ್ಲೆಂಡಿನಲ್ಲಿ ಇಂದು ಕೊಂಡರೆ ಎರಡನೆಯ ಮನೆಗೆಂದು ಶೇಕಡಾ 5, ಅನಿವಾಸಿಗೆಂದು 2 ಹೆಚ್ಚುವರಿ ಮುದ್ರಾಂಕ ಶುಲ್ಕ ಬೀಳುತ್ತದೆ. 80,000 ಪೌಂಡಿನ ಮನೆಗೆ 5,600 ಆಯಿತು. ಇಲ್ಲಿಂದ ಹಣ ಕಳುಹಿಸಲು ತಲೆಗೆ ವರ್ಷಕ್ಕೆ 2,50,000 ಡಾಲರಿನ ಮಿತಿಯಿದೆ. 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು ಶೇಕಡಾ 20 ಮುಂಗಡ ತೆರಿಗೆ ಹಿಡಿಯುತ್ತದೆ, ಅದು ನಂತರ ವಜಾ ಆಗುತ್ತದೆ. ಆ ಮನೆಯನ್ನು ನಮ್ಮ ಆದಾಯ ತೆರಿಗೆ ವಿವರಣೆಯಲ್ಲಿ ವಿದೇಶಿ ಆಸ್ತಿಯೆಂದು ತೋರಿಸದಿದ್ದರೆ 2015ರ ಕಪ್ಪುಹಣ ಕಾಯಿದೆಯಂತೆ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಶಿಷ್ಯರ ಮನೆಗೆ ಈಗ ಬಾಡಿಗೆದಾರರಿದ್ದಾರೆ. ಏಜೆಂಟರನ್ನು ಬದಲಿಸಿ ಲೆಕ್ಕವನ್ನು ಮಗಳ ಕೈಗೆ ಒಪ್ಪಿಸಿದ್ದಾರೆ. ಹೊರಡುವಾಗ, "ಮಾರಿಬಿಡಲೇ ಗುರುಗಳೇ?" ಎಂದು ಕೇಳಿದರು. ಮಾರಿದರೆ ಇಂದು ಎಷ್ಟು ಬಂದೀತೆಂದು ನಾನು ಕೇಳಿದೆ. ಏಜೆಂಟರು ಹೇಳಿದ ಅಂಕಿಯೊಂದನ್ನು ಹೇಳತೊಡಗಿ ಅವರೇ ನಕ್ಕು ಸುಮ್ಮನಾದರು.