ಕೆರೆನ ಬಾವಿ ಮಾಡ್ಬೇಡಿ

ಹೋದ ವಾರ ನಮ್ಮೂರ ಸಭೆಯಲ್ಲಿ ಚೆನ್ನಾಗಿ ಬೈಸಿಕೊಂಡು ಬಂದೆ. ಕೆರೆ ಹೂಳೆತ್ತೋ ಕೆಲಸ ಬಂದಿದೆ, ಎರಡು ಹಿಟಾಚಿ ಬರ್ತವೆ, ಇಪ್ಪತ್ತಡಿ ಆಳ ತೆಗೆದು ಸುತ್ತ ಕಲ್ಲು ಕಟ್ತಾರೆ ಅಂದ್ರು. ಎಲ್ಲರೂ ಚಪ್ಪಾಳೆ. ನಾನೊಬ್ಬ ಎದ್ದು ಬೇಡ ಅಂದೆ. "ನಿಂಗೆ ಕೊಕ್ಕರೆ ಮುಖ್ಯನೋ, ನಾವೋ?" ಅಂತ ಕೇಳಿದ್ರು. ಗಲಾಟೆಯಲ್ಲಿ ಹೇಳೋಕಾಗದ್ದನ್ನ ಇಲ್ಲಿ ಬರೀತಿದ್ದೀನಿ. ಪೂರ್ತಿ ಓದಿ, ಆಮೇಲೆ ಬೈರಿ.

ಕೊಕ್ಕರೆ ಆಮೇಲಿರಲಿ, ಮೊದಲು ನಮ್ಮ ಲೆಕ್ಕ. ತೂಬಿಗಿಂತ ಕೆಳಗೆ ತೋಡಿದ ಗುಂಡಿಯ ನೀರು ತಾನಾಗೇ ಗದ್ದೆಗೆ ಹರಿಯಲ್ಲ. ಅದನ್ನ ಎತ್ತೋಕೆ ಮೋಟಾರ್ ಬೇಕು. ಯಾರ ಮೋಟಾರ್? ದುಡ್ಡಿದ್ದವನದು. ಇವತ್ತು ಇಡೀ ಅಚ್ಚುಕಟ್ಟಿಗೆ ಸೇರಿದ ನೀರು ನಾಳೆ ನಾಲ್ಕು ಜನದ್ದಾಗುತ್ತೆ. ಏರಿ ಬುಡದಲ್ಲಿ ಅಗೆದ್ರೆ ಏರಿ ಸಡಿಲ ಆಗುತ್ತೆ. ಕಡಿದಾದ ಗುಂಡಿಗೆ ಬಿದ್ದ ಕರು ಮೇಲೆ ಬರಲ್ಲ, ಮಕ್ಕಳೂ ಅಷ್ಟೇ.

ಹೂಳು ತೆಗೀಲೇಬಾರದು ಅಂತ ನಾನು ಹೇಳ್ತಿಲ್ಲ. ನಾನೇ ಎಷ್ಟೋ ಲೋಡ್ ಗೋಡು ನಮ್ಮ ಹೊಲಕ್ಕೆ ಹೊಡ್ಕೊಂಡಿದ್ದೀನಿ. ಅಪ್ಪನ ಕಾಲದಲ್ಲಿ ಎತ್ತಿನ ಗಾಡೀಲಿ ಬೇಸಿಗೆ ಬೇಸಿಗೆ ಹೊಡೀತಿದ್ರು. ಆದ್ರೆ ಕೆರೆಯಂಗಳದಿಂದ ತೂಬಿನ ತನಕ ಇಳಿಜಾರು ಹಾಗೇ ಉಳೀತಿತ್ತು. ನನ್ನ ಜಗಳ ಇರೋದು ಆ ಇಳಿಜಾರಿಗೆ.

ನೀರು ಇಳಿದಂಗೆಲ್ಲ ಅಲ್ಲಿ ಹೊಸ ಕೆಸರು ಬಿಚ್ಚಿಕೊಳ್ಳುತ್ತೆ, ಹಸಿ ಹುಲ್ಲು ಬರುತ್ತೆ. ಬೇರೆಲ್ಲೂ ಮೇವಿಲ್ಲದ ಮಾರ್ಚ್-ಏಪ್ರಿಲ್‌ನಲ್ಲಿ ದನ, ಕುರಿ ಬದುಕೋದು ಅಲ್ಲೇ. ಮೊದಲ ಮಳೆಗೆ ಮೀನು ಮೊಟ್ಟೆ ಇಡೋಕೆ ಬರೋದು ಮೊಣಕಾಲುದ್ದ ನೀರಿಗೇ ಹೊರತು ಇಪ್ಪತ್ತಡಿ ಗುಂಡಿಗಲ್ಲ. ಕಬಿನಿ ಹಿನ್ನೀರು ನೋಡಿ. ಬೀಚನಹಳ್ಳಿ ಹತ್ರ ಅಣೆಕಟ್ಟು ಮುಗಿದಿದ್ದು 1974ರಲ್ಲಿ. ಪ್ರತಿ ಬೇಸಿಗೆ ಅಲ್ಲಿಗೆ ಆನೆ ಹಿಂಡು ಹಿಂಡಾಗಿ ಬರೋದು ನೀರಿಗೆ ಮಾತ್ರ ಅಲ್ಲ, ನೀರು ಸರಿದ ಜಾಗದ ಹುಲ್ಲಿಗೆ. ವರ್ಷಪೂರ್ತಿ ತುಂಬಿ ನಿಂತಿದ್ರೆ ಆ ಹುಲ್ಲು ಇರ್ತಿರಲಿಲ್ಲ. ಆ ಹುಲ್ಲು ಇಲ್ಲದಿದ್ರೆ ಆನೆ ಎಲ್ಲಿಗೆ ಬರುತ್ತೆ ಅಂತ ಕೋಟೆ ಕಡೆಯವರಿಗೆ ನಾನು ಹೇಳ್ಬೇಕಾ?

ಈಗ ಹೊಳೆ ವಿಚಾರ. ಇಲ್ಲಿ ನನ್ನ ತಪ್ಪೂ ಇದೆ. ಲಕ್ಷ್ಮಣತೀರ್ಥದ ದಡದಲ್ಲಿ ನಮ್ಮದೊಂದು ಜೌಗು ತುಂಡು ಇತ್ತು. ಕೇದಗೆ, ಹೊಳೆಮತ್ತಿ, ಹೊಂಗೆ ಬೆಳೆದಿತ್ತು. ಶುಂಠಿ ರೇಟು ನೋಡಿ ಎಲ್ಲ ಕಿತ್ತು ಮಟ್ಟ ಮಾಡಿಸ್ದೆ. ನೀರು ಬಸಿಯಲಿ ಅಂತ ಕಾಲುವೆ ತೋಡಿಸ್ದೆ. 2019ರ ಆಗಸ್ಟ್‌ನಲ್ಲಿ ಹೊಳೆ ಬಂತು. ಶುಂಠಿ ಹೋಯ್ತು, ಅದರ ಜೊತೆ ಒಂದಾಳುದ್ದ ಮಣ್ಣೂ ಹೋಯ್ತು. ಪಕ್ಕದವರು ಕೇದಗೆ ಬಿಟ್ಟಿದ್ರು. ಅವರ ಗದ್ದೆ ಮೇಲೂ ನೀರು ಹರೀತು, ಪೈರು ಹಾಳಾಯ್ತು, ಮಣ್ಣು ಮಾತ್ರ ಅಲ್ಲೇ ಇತ್ತು. ಮುಂದಿನ ವರ್ಷ ಅವರು ನಾಟಿ ಹಾಕಿದ್ರು, ನಾನು ಕಲ್ಲು ಆರಿಸ್ತಿದ್ದೆ.

ಮಳೆ ಮೊದಲಿನಂಗೆ ಇಲ್ಲ. 2018, 2019ರಲ್ಲಿ ನೆರೆ. 2023ರಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223 ಬರ. 2025ರಲ್ಲಿ ಕನ್ನಂಬಾಡಿ ಜೂನ್ ತಿಂಗಳಲ್ಲೇ 124.80 ಅಡಿ ಮುಟ್ತು; ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು. ಬಾಗಿನ ಬಿಟ್ರು, ನಾವೂ ಖುಷಿ ಪಟ್ವಿ. ಆದ್ರೆ ಜೂನ್‌ನಲ್ಲೇ ತುಂಬಿದ ಬಾನಿಗೆ ಜುಲೈ, ಆಗಸ್ಟ್ ನೀರು ಬಂದ್ರೆ ಎಲ್ಲಿ ಹಿಡಿಯೋದು? ಗೇಟು ಎತ್ತಲೇಬೇಕು. ಬರದ ವರ್ಷ ಗೇಟು ಮುಚ್ಚಿದ್ರೆ ಕೆಳಗೆ ಹೊಳೆ ಮರಳೇ. ಒಂದೋ ನೆರೆ, ಇಲ್ಲಾ ಒಣಗು. ಇವೆರಡರ ಮಧ್ಯೆ ನೀರನ್ನ ತಡೆದು ನಿಧಾನಕ್ಕೆ ಬಿಡೋದು ಕೆರೆಯಂಗಳ, ಗದ್ದೆ ಬಯಲು, ದಡದ ಜೌಗು. ಅದನ್ನ ನಾವೇ ಒತ್ತುವರಿ ಮಾಡಿ, ಅಣೆಕಟ್ಟೆಯವರನ್ನ ಮಾತ್ರ ಬೈದ್ರೆ ಅರ್ಧ ಸತ್ಯ ಅಷ್ಟೇ.

ಸರ್ಕಾರದ ಕಾಗದ ಕಾಪಾಡುತ್ತೆ ಅಂತ ಕಾಯ್ಬೇಡಿ. ಕೇಂದ್ರದ 2017ರ ಜೌಗು ಪ್ರದೇಶ ನಿಯಮದಲ್ಲಿ ನದಿ ಪಾತ್ರ, ಭತ್ತದ ಗದ್ದೆ, ನೀರಾವರಿಗೆ ಅಂತ ಕಟ್ಟಿದ ಕಟ್ಟೆಗಳು ಇವೆಲ್ಲ ಜೌಗು ಪ್ರದೇಶದ ಲೆಕ್ಕಕ್ಕೇ ಇಲ್ಲ. ನಮ್ಮ ಸೀಮೆಯಲ್ಲಿ ಇರೋದೇ ಇವು! ಅತ್ತ 2022ರಲ್ಲಿ ರಂಗನತಿಟ್ಟು ರಾಮ್ಸಾರ್ ಪಟ್ಟಿಗೆ ಸೇರ್ತು. ಆ ತಿಟ್ಟುಗಳು ಉಂಟಾಗಿದ್ದು 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ. ಮನುಷ್ಯ ಕಟ್ಟಿದ್ದು ಅಂತ ಹಕ್ಕಿ ಬರೋದು ಬಿಟ್ಟಿಲ್ಲ.

"ಹಂಗಾದ್ರೆ ಕೆರೆ ತುಂಬಿಸೋ ಯೋಜನೆನೂ ಬೇಡ್ವಾ?" ಅಂತ ಪಿರಿಯಾಪಟ್ಟಣದವರು ಕೇಳ್ತಾರೆ. ಬೇಕು. ಮುತ್ತಿನಮುಳ್ಳುಸೋಗೆಯಿಂದ ನೀರೆತ್ತಿ 79 ಹಳ್ಳಿಗಳ 150 ಕೆರೆ ತುಂಬಿಸೋದು ಸಣ್ಣ ಕೆಲಸ ಅಲ್ಲ, ಕೊಳವೆಬಾವಿ ಬತ್ತಿದವನಿಗೆ ಅದರ ಬೆಲೆ ಗೊತ್ತು. ಬರದ ವರ್ಷ ಯಾವ ನೀರು ಬಂದ್ರೂ ಕೈ ಮುಗಿದು ತಗೋತೀವಿ. ಒಳ್ಳೆ ವರ್ಷ ಮಾತ್ರ ಬೇಸಿಗೆಗೆ ಸ್ವಲ್ಪ ಇಳಿಯೋಕೆ ಬಿಡಿ. ಸದಾ ಕೋಡಿ ಮಟ್ಟದಲ್ಲಿ ನಿಂತ ಕೆರೆಗೆ ಒಂದು ಜೋರು ಮಳೆ ಬಂದ್ರೆ ತಡೆಯೋ ಜಾಗ ಎಲ್ಲಿರುತ್ತೆ?

ನಮ್ಮೂರ ಸಭೆಗೆ ನಾನು ಕೇಳೋದು ನಾಲ್ಕೇ. ತೂಬಿನ ಮಟ್ಟಕ್ಕಿಂತ ಕೆಳಗೆ ಅಗೀಬೇಡಿ. ಅಂಗಳದ ಕಡೆ ಕಲ್ಲು ಕಟ್ಬೇಡಿ, ಇಳಿಜಾರು ಇರಲಿ. ಅದೇ ಹಿಟಾಚಿಯಲ್ಲಿ ಮೊದಲು ರಾಜಕಾಲುವೆ ಒತ್ತುವರಿ ಬಿಡಿಸಿ. ನೀರು ಬರೋ ದಾರಿ ಮುಚ್ಚಿ ಕೆರೆ ಆಳ ಮಾಡಿ ಏನು ಪ್ರಯೋಜನ? ಹೊಳೆ ದಡದಲ್ಲಿ ನಾಲ್ಕು ಮಾರು ಗಿಡಕ್ಕೆ ಬಿಡಿ.

ಕೊನೇದನ್ನ ನಾನೇ ಶುರು ಮಾಡ್ತೀನಿ. ಶುಂಠಿ ಹಾಕಿದ್ದ ಆ ತುಂಡಿಗೆ ಈ ಮುಂಗಾರಲ್ಲಿ ಕೇದಗೆ ಕೊಂತು ನೆಡ್ತಿದ್ದೀನಿ, ಪಕ್ಕದವರೇ ಕೊಡ್ತೀನಿ ಅಂದಿದ್ದಾರೆ. ನಿಮ್ಮೂರಲ್ಲೂ ಹಿಟಾಚಿ ಬಂದಿದ್ರೆ ಒಂದು ಕೆಲಸ ಮಾಡಿ: ಎಸ್ಟಿಮೇಟ್ ಕಾಗದ ಕೇಳಿ, ತೂಬಿನ ಮಟ್ಟ ಎಷ್ಟು, ಅಗೆಯೋ ಮಟ್ಟ ಎಷ್ಟು ಅಂತ ಎರಡೇ ಅಂಕಿ ನೋಡಿ. ನೋಡಿದ್ಮೇಲೂ ನಾನು ಹೇಳಿದ್ದು ತಪ್ಪು ಅನ್ಸಿದ್ರೆ ಬಂದು ಬೈರಿ, ಕೇಳ್ತೀನಿ.