ನೀರು ಹಾಕುವ ಸರದಿ ಬೇಡ

ಕಳೆದ ಸಾಲಿನ ಅಭ್ಯಾಸ ಬೋಧನೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಏಳನೇ ತರಗತಿಯ ಕಿಟಕಿಯಲ್ಲಿ ಕಾಡುಬಸಳೆಯ ಗಿಡವಿಟ್ಟು, ದಿನಕ್ಕೊಬ್ಬರು ನೀರು ಹಾಕುವಂತೆ ಸರದಿ ಪಟ್ಟಿ ಅಂಟಿಸಿದರು. ‘ಜವಾಬ್ದಾರಿ ಹಂಚಿಕೆ ಉತ್ತಮವಾಗಿದೆ’ ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆದು ಸಹಿ ಹಾಕಿದವಳು ನಾನೇ. ಮೂರನೇ ವಾರ ಕಾಂಡದ ಬುಡ ಕೊಳೆತು ಗಿಡ ವಾಲಿತು. ಅಂದು ಸರದಿಯಿದ್ದ ಹುಡುಗಿ, “ನಾನು ಸರಿಯಾಗೇ ಹಾಕಿದ್ದೆ ಮಿಸ್” ಎಂದು ಅತ್ತಳು. ನಿಜ. ಎಲ್ಲರೂ ಸರಿಯಾಗಿ ಹಾಕಿದ್ದರು, ತಳದಲ್ಲಿ ತೂತಿಲ್ಲದ ಪಿಂಗಾಣಿ ಕುಂಡಕ್ಕೆ, ದಿನಾಲೂ.

ಕಾಡುಬಸಳೆ, ಲೋಳೆಸರದಂಥ ಗಿಡಗಳು ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಳ್ಳುತ್ತವೆ. ಮಣ್ಣು ಸದಾ ಒದ್ದೆಯಿದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರದು, ಎಲೆ ಸೊರಗುತ್ತದೆ. ಅದನ್ನು ಬಾಯಾರಿಕೆಯೆಂದು ತಿಳಿದ ಮಗು ಇನ್ನೊಂದು ಲೋಟ ಸುರಿಯುತ್ತದೆ.

ಮಕ್ಕಳಿಗೆ ಕ್ರಮಬದ್ಧತೆ ಬೇಡವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಬೇಕು. ಹಾಗಿದ್ದರೆ ಸರದಿ ನೋಡುವುದಕ್ಕಿರಲಿ. ಬೆರಳನ್ನು ಮಣ್ಣಿನೊಳಗೆ ಎರಡು ಗೆಣ್ಣಿನಷ್ಟು ಇಳಿಸಿ ನೋಡಲಿ, ಎಲೆಯನ್ನು ಮೆಲ್ಲಗೆ ಒತ್ತಲಿ. ಮಣ್ಣು ಪೂರ್ತಿ ಒಣಗಿ ಎಲೆ ತೆಳುವಾಗಿ ಸುಕ್ಕುಗಟ್ಟಿದ್ದರೆ ತಳದಿಂದ ಹರಿದುಹೋಗುವಷ್ಟು ನೀರು ಹಾಕಲಿ. ಎಲೆ ಹಳದಿಯಾಗಿ ಮೆತ್ತಗಾಗಿದ್ದರೆ ನೀರು ನಿಲ್ಲಿಸಲಿ. ಮಳೆಗಾಲದಲ್ಲಿ ಎರಡು ಮೂರು ವಾರ ಲೋಟವನ್ನೇ ಮುಟ್ಟಬೇಕಾಗದಿರಬಹುದು. (ತೂತಿರುವ ಕುಂಡ, ಅರ್ಧದಷ್ಟು ಮರಳು ಬೆರೆಸಿದ ಮಣ್ಣು, ಬೆಳಕಿರುವ ಕಿಟಕಿ: ಇಷ್ಟನ್ನು ಶಿಕ್ಷಕರೇ ಮೊದಲು ನೋಡಿಕೊಳ್ಳಬೇಕು.) ‘ಇಂದು ನೀರು ಬೇಡ’ ಎಂದು ಕಾರಣಸಹಿತ ಬರೆದ ಮಗುವಿಗೆ ನಮ್ಮ ಮೌಲ್ಯಮಾಪನ ನಮೂನೆಯಲ್ಲಿ ಜಾಗವೇ ಇಲ್ಲ. ಅಲ್ಲಿರುವುದು ‘ಚಟುವಟಿಕೆ ಪೂರ್ಣಗೊಳಿಸಿದ್ದಾನೆ/ಳೆ’ ಎಂಬ ಕಲಂ ಮಾತ್ರ. ನನ್ನ ತಕರಾರು ಇರುವುದು ಆ ಕಲಂ ಬಗ್ಗೆ.

ನೋಡುವುದಕ್ಕೆ ಈ ಗಿಡದಲ್ಲಿ ಬೇಕಾದಷ್ಟಿದೆ. ಒಂದು ಕಾಲದಲ್ಲಿ ಲಾಲ್‌ಬಾಗ್‌ನ ಉಸ್ತುವಾರಿ ವಹಿಸಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೇನ್, ಇದರ ಎಲೆ ಬೆಳಿಗ್ಗೆ ಹುಳಿಯಾಗಿಯೂ ಮಧ್ಯಾಹ್ನ ಸಪ್ಪೆಯಾಗಿಯೂ ಇರುವುದನ್ನು ಗಮನಿಸಿ ಬರೆದ ಪತ್ರ 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಗಿಡ ರಾತ್ರಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಂಡು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲು ಬಳಸುತ್ತದೆ. ಹುಳಿಯ ಗುಟ್ಟು ಅದೇ. ನಮ್ಮ ಮಕ್ಕಳು ಎಲೆಯನ್ನು ಬಾಯಿಗಿಡುವುದು ಬೇಡ, ಅದರಲ್ಲಿ ವಿಷದ ಅಂಶಗಳಿವೆ. ಪ್ರಾರ್ಥನೆ ಮುಗಿದ ಕೂಡಲೇ ಒಮ್ಮೆ, ಕೊನೆಯ ಅವಧಿಯಲ್ಲಿ ಒಮ್ಮೆ ಎಲೆ ಜಜ್ಜಿ ಪಿಎಚ್ ಕಾಗದಕ್ಕೆ ಒತ್ತಿದರೆ ಸಾಕು.

ವಾಲಿದ ಗಿಡದಲ್ಲಿ ಗಟ್ಟಿಯಾಗಿದ್ದ ನಾಲ್ಕು ಎಲೆಗಳನ್ನು ಮರಳಿನ ಮೇಲೆ ಹರಡಿಟ್ಟೆವು. ಅಂಚಿನ ಕಚ್ಚುಗಳಲ್ಲಿ ಮರಿಗಿಡಗಳು ಬಂದವು. ಒಂದನ್ನು ಆ ಹುಡುಗಿ ತೂತು ಕೊರೆದ ಡಬ್ಬಿಯಲ್ಲಿ ನೆಟ್ಟಳು. ಅವಳ ಪುಸ್ತಕದಲ್ಲಿ ಸಾಲಾಗಿ ಒಂಬತ್ತು ದಿನ ‘ನೀರು ಹಾಕಿಲ್ಲ, ಮಣ್ಣು ತಣ್ಣಗಿದೆ’ ಎಂದಿದೆ. ಒಂಬತ್ತಕ್ಕೂ ಸಹಿ ಹಾಕಿದ್ದೇನೆ.